ಬರೀ ನೀರು ಹೊಡೆದ ಮರಗಳು

ಕೊಳೆರೋಗ ಬಾರದ ವರ್ಷ ಎಲ್ಲ ಔಷಧಿಯೂ ಒಳ್ಳೆಯದೇ. ಆಷಾಢದ ಮಳೆ ಕೈಕೊಟ್ಟ ವರ್ಷ ಅಡಿಕೆ ತೋಟಕ್ಕೆ ಏನು ಹೊಡೆದಿದ್ದರೂ, ಏನೂ ಹೊಡೆಯದಿದ್ದರೂ, ಕಾಯಿ ತುಂಬಿದ ಕೊನೆ ಮರದ ಮೇಲೇ ನಿಲ್ಲುತ್ತದೆ. ಕೊಯ್ಲಿನ ಹೊತ್ತಿಗೆ ನಮ್ಮ ಪೇಟೆಯ ಗೊಬ್ಬರದಂಗಡಿಯ ಜಗಲಿಯಲ್ಲಿ ಅರ್ಧ ಗಂಟೆ ಕೂತರೆ ಸಾಕು. ಒಬ್ಬರು ಹೊಸ ಬಾಟಲಿಯ ಹೆಸರು ಹೇಳಿ, "ಒಂದು ಕಾಯಿ ಉದುರಲಿಲ್ಲ ಮಾರಾಯ್ರೆ" ಅನ್ನುತ್ತಾರೆ. ಇನ್ನೊಬ್ಬರು ಹುಳಿಮಜ್ಜಿಗೆ, ಗೋಮೂತ್ರದ ಲೆಕ್ಕ ಬರೆಸಿಕೊಡುತ್ತಾರೆ. ಮೂರನೆಯವರು ಮೊಬೈಲಿನಲ್ಲಿ ತಮ್ಮ ತೋಟದ ಫೋಟೊ ತೋರಿಸುತ್ತಾರೆ. ಯಾರೂ ಸುಳ್ಳು ಹೇಳುತ್ತಿಲ್ಲ. ಹೊಡೆದದ್ದೂ ನಿಜ, ಉದುರದೆ ಇದ್ದದ್ದೂ ನಿಜ. ಅದರಿಂದಲೇ ಇದಾಯಿತೇ ಅನ್ನುವುದನ್ನು ಮಾತ್ರ ಯಾರೂ ನೋಡಿಲ್ಲ.

"ಹೊಡೆಯದೆ ಬಿಟ್ಟ ಮರ ಎಷ್ಟು?" ಎಂದು ಕೇಳಿದರೆ ನಗುತ್ತಾರೆ. ಕೊಳೆರೋಗದ ಊರಿನಲ್ಲಿ ಔಷಧಿ ಹೊಡೆಯದೆ ಮರ ಬಿಡುವವನು ಸೋಮಾರಿ ಅಥವಾ ಸಾಲಗಾರ. ಸಸ್ಯರೋಗದ ಕೆಲಸದಲ್ಲೇ ತಲೆ ನರೆಸಿಕೊಂಡ ನನ್ನಂಥವನು ಈ ಪ್ರಶ್ನೆ ಕೇಳುತ್ತಾನೆಂದು ಅವರಿಗೂ ಗೊತ್ತು. ಹಾಗಾಗಿ ಈಗ ನನ್ನನ್ನು ಕಂಡರೆ ಮಾತು ರೇಟಿನ ಕಡೆ ತಿರುಗುತ್ತದೆ.

ಎಪ್ಪತ್ತರ ದಶಕದ ಮೊದಲಲ್ಲಿ ಅಂಗಡಿಯಲ್ಲಿ ಇಷ್ಟು ಆಯ್ಕೆ ಇರಲಿಲ್ಲ. ಮೈಲುತುತ್ತ, ಸುಣ್ಣ, ಅಂಟಿಗೆ ರಾಳ, ಇಷ್ಟೇ. ನೂರು ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ. ಹಿಂದಿನ ರಾತ್ರಿಯೇ ಮೈಲುತುತ್ತವನ್ನು ಗೋಣಿಬಟ್ಟೆಯಲ್ಲಿ ಕಟ್ಟಿ ಮರದ ಪೀಪಾಯಿಯ ನೀರಿನಲ್ಲಿ ಇಳಿಬಿಡುತ್ತಿದ್ದೆವು. ಕಬ್ಬಿಣದ ಪಾತ್ರೆ ಹತ್ತಿರ ತರುವಂತಿರಲಿಲ್ಲ. ಬೆಳಿಗ್ಗೆ ಎರಡೂ ನೀರನ್ನು ಸೇರಿಸಿ ಕಲಕಿದರೆ ತಿಳಿನೀಲಿ ಗಂಜಿ, ಅದೇ ಬೋರ್ಡೋ ದ್ರಾವಣ. ಅಪ್ಪ ಅದರಲ್ಲಿ ಹೊಳೆಯುವ ಹಾಗೆ ಮಸೆದ ಚೂರಿಯನ್ನು ಅದ್ದಿ ಸ್ವಲ್ಪ ಹೊತ್ತು ಹಿಡಿಯುತ್ತಿದ್ದರು. ಅಲಗಿನ ಮೇಲೆ ಕೆಂಪು ಕೂತರೆ ತಾಮ್ರ ಇನ್ನೂ ಬಿಡಿಯಾಗಿದೆ, ಅಂದರೆ ಇನ್ನಷ್ಟು ಸುಣ್ಣ ಬೇಕು. ಮುಂದೆ ಕಾಲೇಜಿನಲ್ಲಿ ಕಲಿತ ಎಷ್ಟೋ ಪರೀಕ್ಷೆಗಳಿಗಿಂತ ಇದು ಚೊಕ್ಕಟವಾಗಿತ್ತು. ಫಲಿತಾಂಶ ಏನು ಬಂದರೆ ಏನು ಮಾಡಬೇಕು ಎಂಬುದು ಚೂರಿ ಅದ್ದುವ ಮೊದಲೇ ತೀರ್ಮಾನವಾಗಿರುತ್ತಿತ್ತು.

ಅಂಥ ಒಂದು ಬೇಸಿಗೆಯ ಕೊನೆಯಲ್ಲಿ ಸಂಶೋಧನಾ ಕೇಂದ್ರದಿಂದ ಒಬ್ಬ ಅಧಿಕಾರಿ ನಮ್ಮ ತೋಟಕ್ಕೆ ಬಂದರು. ತಾಮ್ರದ ಸಿದ್ಧ ಪುಡಿ, ಕಾಪರ್ ಆಕ್ಸಿಕ್ಲೋರೈಡ್, ಆಗ ಪೇಟೆಗೆ ಬಂದು ಜನ ಅದರ ಕಡೆ ನೋಡತೊಡಗಿದ್ದರು. ನೀರಿಗೆ ಹಾಕಿ ಕಲಕಿದರೆ ಮುಗಿಯಿತು, ಸುಣ್ಣ ಬೇಡ, ಚೂರಿ ಬೇಡ. ಅದು ಬೋರ್ಡೋ ದ್ರಾವಣದಷ್ಟು ಹಿಡಿಯುತ್ತದೆಯೇ ಎಂದು ನೋಡಬೇಕಿತ್ತು. ಅಪ್ಪ ಒಪ್ಪಿದರು. ಸರ್ಕಾರದ ಖರ್ಚಿನಲ್ಲಿ ಔಷಧಿ ಹೊಡೆಸಿಕೊಳ್ಳುವುದಕ್ಕೆ ಯಾರು ಬೇಡ ಅನ್ನುತ್ತಾರೆ?

ತೊಡಕು ಶುರುವಾದದ್ದು ಮರ ಆರಿಸುವಾಗ. ಕೆಲವು ಮರಗಳಿಗೆ ತಾಮ್ರವೇ ಸೇರದ ನೀರನ್ನು ಹೊಡೆಯುತ್ತೇವೆ ಎಂದು ಅಧಿಕಾರಿ ಹೇಳಿದಾಗ ಅಪ್ಪ ಸ್ವಲ್ಪ ಯೋಚಿಸಿ, ಹಳ್ಳದ ಕಡೆಯ ಅಂಚಿಗೆ ಕರೆದುಕೊಂಡು ಹೋಗಿ ಒಂದು ಸಾಲು ತೋರಿಸಿದರು. ಮುದಿ ಮರಗಳು, ಫಸಲು ಕಡಿಮೆ, ಬುಡದಲ್ಲಿ ಸದಾ ತಂಪು. "ಹ್ಯಾಗೂ ಇವು ಹೋಗುವ ಮರ. ಇವಕ್ಕೆ ನೀರು ಹೊಡೀರಿ." ರೈತನ ಲೆಕ್ಕದಲ್ಲಿ ಇದಕ್ಕಿಂತ ಸರಿಯಾದ ಮಾತಿಲ್ಲ. ಪ್ರಯೋಗದ ಲೆಕ್ಕದಲ್ಲಿ ಇದಕ್ಕಿಂತ ಕೆಟ್ಟದ್ದಿಲ್ಲ. ಹಳ್ಳದ ಬದಿಯ ಮರಕ್ಕೆ ಕೊಳೆ ಹೆಚ್ಚು, ಔಷಧಿ ಇರಲಿ ಬಿಡಲಿ. ಅಲ್ಲಿ ನೀರು, ಮೇಲಿನ ಬಿಸಿಲಿನ ಮರಗಳಿಗೆ ಪುಡಿ ಎಂದು ಹಂಚಿದರೆ ಪುಡಿ ಗೆದ್ದೇ ಗೆಲ್ಲುತ್ತದೆ. ಗೆದ್ದದ್ದು ಪುಡಿಯೋ ಬಿಸಿಲೋ ಎಂದು ಆಮೇಲೆ ಬ್ರಹ್ಮನೂ ಹೇಳಲಾರ.

ಅಧಿಕಾರಿ ವಾದ ಮಾಡಲಿಲ್ಲ. ತೋಟವನ್ನು ಮೇಲ್ತಲೆ, ನಡುಭಾಗ, ಹಳ್ಳದ ಬದಿ ಎಂದು ಪಾಲು ಮಾಡಿದರು. ಪ್ರತಿ ಪಾಲಿನಲ್ಲೂ ನಾಲ್ಕು ಗುಂಪು, ಪ್ರತಿ ಗುಂಪಿನಲ್ಲೂ ನಾಲ್ಕು ಮರ. ಯಾವ ಗುಂಪಿಗೆ ಯಾವುದು ಎಂದು ಚೀಟಿ ಬರೆದು ಅಮ್ಮನ ಹಿತ್ತಾಳೆ ಡಬ್ಬಿಯಲ್ಲಿ ಹಾಕಿ ಎತ್ತಿಸಿದರು. ಎತ್ತಿದವನು ನಾನು. ಆಗ ಕಾಲೇಜು ಸೇರಿ ರಜೆಗೆ ಬಂದಿದ್ದೆ, ದೊಡ್ಡ ವಿಜ್ಞಾನಕ್ಕೆ ಇಷ್ಟು ಸಣ್ಣ ಡಬ್ಬಿಯೇ ಅನ್ನಿಸಿತ್ತು. ನಡುಭಾಗದ ಅತಿ ಒಳ್ಳೆಯ ನಾಲ್ಕು ಮರಗಳಿಗೆ ನೀರಿನ ಚೀಟಿ ಬಂದಾಗ ಅಪ್ಪ ನನ್ನ ಮುಖ ನೋಡಿದ ರೀತಿ ಈಗಲೂ ನೆನಪಿದೆ.

ಈ ಚೀಟಿಯ ಹಿಂದೆ ಒಂದು ಚರಿತ್ರೆ ಇದೆ. ಇಂಗ್ಲೆಂಡಿನ ರೋತಾಮ್‌ಸ್ಟೆಡ್‌ನಲ್ಲಿ ಲಾಸ್ ಮತ್ತು ಗಿಲ್ಬರ್ಟ್ ಎಂಬ ಇಬ್ಬರು 1843ರಲ್ಲಿ ಬ್ರಾಡ್‌ಬಾಕ್ ಹೊಲದಲ್ಲಿ ಗೋಧಿಯ ಗೊಬ್ಬರ ಪ್ರಯೋಗ ಶುರುಮಾಡಿದರು. ಅದರ ಒಂದು ಪಟ್ಟಿಗೆ ಅಂದಿನಿಂದ ಇಂದಿನವರೆಗೆ ಗೊಬ್ಬರವನ್ನೇ ಹಾಕಿಲ್ಲ. ನೂರೆಂಬತ್ತು ವರ್ಷ ದಾಟಿದರೂ ಆ ಪಟ್ಟಿಯನ್ನು ಉಪವಾಸ ಕೆಡವಿದ್ದಾರೆ, ಉಳಿದ ಪಟ್ಟಿಗಳ ಫಸಲಿಗೆ ಅದರಿಂದಲೇ ಅರ್ಥ. ಆದರೆ ಅಲ್ಲಿ ಚೀಟಿ ಎತ್ತಿರಲಿಲ್ಲ. ಪಟ್ಟಿಗಳು ಸಾಲಾಗಿ ಒಂದರ ಪಕ್ಕ ಒಂದಿದ್ದವು. ಮಣ್ಣು ಒಂದು ತುದಿಯಿಂದ ಇನ್ನೊಂದಕ್ಕೆ ಬದಲಾಗುತ್ತದೆಯಲ್ಲ, ಅದಕ್ಕೇನು ಮಾಡುವುದು? 1919ರಲ್ಲಿ ಅಲ್ಲಿಗೆ ಕೆಲಸಕ್ಕೆ ಸೇರಿದ ಆರ್.ಎ. ಫಿಶರ್ ಆ ಹಳೆಯ ಅಂಕಿಗಳ ರಾಶಿಯ ಮೇಲೆ ಕೂತು ತಲೆ ಕೆಡಿಸಿಕೊಂಡು, 1926ರ ಒಂದು ಲೇಖನದಲ್ಲೂ 1935ರ ಪುಸ್ತಕದಲ್ಲೂ ಉತ್ತರ ಬರೆದರು. ಹೊಲವನ್ನು ಒಂದೇ ಬಗೆಯ ತುಂಡುಗಳಾಗಿ ಒಡೆಯಿರಿ, ಪ್ರತಿ ತುಂಡಿನಲ್ಲೂ ಎಲ್ಲವನ್ನೂ ಇಡಿ, ಯಾವುದು ಎಲ್ಲಿ ಎಂಬುದನ್ನು ಅದೃಷ್ಟಕ್ಕೆ ಬಿಡಿ, ಒಂದಕ್ಕಿಂತ ಹೆಚ್ಚು ಸಲ ಮಾಡಿ. ನಮ್ಮ ತೋಟದಲ್ಲಿ ನಡೆದದ್ದು ಅಷ್ಟೇ. ಫಿಶರ್ ಅದೇ ಪುಸ್ತಕದಲ್ಲಿ ಚಹಾದ ಪ್ರಯೋಗ ಹೇಳುತ್ತಾರೆ. ಹಾಲು ಮೊದಲು ಹಾಕಿದ್ದೋ ಚಹಾ ಮೊದಲು ಹಾಕಿದ್ದೋ ರುಚಿಯಲ್ಲೇ ಹೇಳಬಲ್ಲೆ ಎಂದ ಹೆಂಗಸಿಗೆ ಎಂಟು ಬಟ್ಟಲು, ನಾಲ್ಕು ಹೀಗೆ, ನಾಲ್ಕು ಹಾಗೆ. ಬರೀ ಊಹೆಯಿಂದ ಎಂಟನ್ನೂ ಸರಿಯಾಗಿ ಹೇಳುವ ಸಾಧ್ಯತೆ 70ರಲ್ಲಿ 1. ಈ ಕಥೆ ಪಾಠಪುಸ್ತಕಗಳಲ್ಲಿ ಸವೆದು ಹೋಗಿದೆ. ನನಗೆ ಹಿಡಿಸುವುದು ಹಿತ್ತಾಳೆ ಡಬ್ಬಿಯೇ.

ಜೂನ್ ಮೊದಲಲ್ಲಿ ಔಷಧಿ ಹೊಡೆಯುವ ದಿನ ಬಂತು. ಮರ ಹತ್ತುವ ಕೊನೆಗೌಡ, ಮೈಗೆ ಹಗ್ಗ ಸುತ್ತಿ ಬಂದವನು, ಒಂದು ಗುಂಪಿಗೆ ಬರೀ ನೀರು ಎಂದು ಕೇಳಿ ನಿಂತುಬಿಟ್ಟ. "ಮಳೆಗಾಲದಲ್ಲಿ ಮರಕ್ಕೆ ನೀರು ಹೊಡೆಯಕ್ಕೆ ನಾನು ಹತ್ತಬೇಕಾ?" ಅವನು ಕೇಳಿದ್ದರಲ್ಲಿ ತಪ್ಪೇನಿಲ್ಲ. ಪಾಚಿ ಹಿಡಿದ ಅಡಿಕೆ ಮರ ಹತ್ತುವುದೆಂದರೆ ಜೀವದ ಜೊತೆ ವ್ಯವಹಾರ. ನೀರೆಂದ ಮೇಲೆ ಕೆಳಗೇ ಬಿಟ್ಟರೆ ಏನು ನಷ್ಟ?

ಅಧಿಕಾರಿ ಅವನಿಗೆ ಕೊಟ್ಟ ಉತ್ತರವನ್ನು ನಾನು ಆಮೇಲೆ ಎಷ್ಟೋ ವಿದ್ಯಾರ್ಥಿಗಳಿಗೆ ಹೇಳಿದ್ದೇನೆ. ನೀನು ಮರದ ತುದಿಗೆ ಹೋದಾಗ ಬರೀ ಔಷಧಿ ಹೊಡೆದು ಬರುತ್ತೀಯಾ ಎಂದು ಕೇಳಿದರು. ಇಲ್ಲ. ಒಣಗಿದ ಹಿಂಗಾರ ಕಂಡರೆ ಎಳೆದು ಹಾಕುತ್ತಾನೆ, ಕೊಳೆತ ಕೊನೆ ಇದ್ದರೆ ಕತ್ತಿಯಲ್ಲಿ ಕಡಿದು ಕೆಳಗೆ ಬಿಡುತ್ತಾನೆ, ಜೋತ ಸೋಗೆ ತೆಗೆಯುತ್ತಾನೆ. ಅದು ಕೈಯ ಅಭ್ಯಾಸ, ಯಾರೂ ಹೇಳಬೇಕಿಲ್ಲ. ಹಿಂದಿನ ವರ್ಷದ ರೋಗದ ಬೀಜ ಆ ಒಣಗಿದ ಕೊನೆಗಳಲ್ಲೇ ಉಳಿದಿರಬಹುದು. ಹಾಗಾದರೆ ಹತ್ತಿದ ಮರ ಉಳಿದದ್ದು ತಾಮ್ರದಿಂದಲೋ, ಕೊನೆಗೌಡನ ಕತ್ತಿಯಿಂದಲೋ? ನೀರಿನ ಮರಕ್ಕೂ ಹತ್ತಿ, ಅಷ್ಟೇ ಹೊತ್ತು ಮೇಲಿದ್ದು, ಅದೇ ರೀತಿ ಕೈಯಾಡಿಸಿ, ಅದೇ ಪಂಪಿನಿಂದ ನೀರು ಹೊಡೆದು ಇಳಿದರೆ ಮಾತ್ರ ಎರಡು ಮರಗಳ ನಡುವೆ ತಾಮ್ರವೊಂದೇ ವ್ಯತ್ಯಾಸವಾಗಿ ಉಳಿಯುತ್ತದೆ. ನಾಲ್ಕನೆಯ ಗುಂಪಿಗೆ ಬರೀ ಸುಣ್ಣದ ನೀರು, ಅದೂ ಇದೇ ಕಾರಣಕ್ಕೆ. ಬೋರ್ಡೋದಲ್ಲಿ ಎರಡು ವಸ್ತು ಇದೆ, ಕೆಲಸ ಮಾಡುವುದು ಯಾವುದು?

ಕೊನೆಗೌಡ ಕೇಳಿ, "ಕೂಲಿ ಅಷ್ಟೇ ಕೊಡ್ತೀರಲ್ಲ?" ಅಂದ. ಕೊಡುತ್ತೇವೆ ಅಂದ ಮೇಲೆ ಹತ್ತಿದ. ಕೆಳಗೆ ಗಟಾರು ಪಂಪಿನ ಹಿಡಿ ಎಳೆಯುತ್ತಿದ್ದವರು ದಿನವಿಡೀ ನಗುತ್ತಿದ್ದರು.

ಇಲ್ಲಿ ಬೋರ್ಡೋದ ಹುಟ್ಟನ್ನು ಹೇಳದಿದ್ದರೆ ಆಗದು. 1882ರಲ್ಲಿ ಫ್ರಾನ್ಸಿನ ಬೋರ್ಡೋ ಬಳಿಯ ಸೇಂಟ್ ಜೂಲಿಯನ್ ಎಂಬಲ್ಲಿ ದ್ರಾಕ್ಷಿ ತೋಟಗಳ ನಡುವೆ ಹೋಗುತ್ತಿದ್ದ ಸಸ್ಯಶಾಸ್ತ್ರದ ಪ್ರಾಧ್ಯಾಪಕ ಮಿಲಾರ್ಡೆಗೆ, ಬೂಜುರೋಗದಿಂದ ಎಲೆ ಉದುರಿದ ತೋಟದಲ್ಲಿ ದಾರಿಬದಿಯ ಸಾಲುಗಳು ಮಾತ್ರ ಹಸಿರಾಗಿ ನಿಂತದ್ದು ಕಂಡಿತು. ವಿಚಾರಿಸಿದರೆ, ದಾರಿಹೋಕರು ಹಣ್ಣು ಕದಿಯದಿರಲೆಂದು ವಿಷದಂತೆ ಕಾಣುವ ಹಾಗೆ ಮೈಲುತುತ್ತ-ಸುಣ್ಣ ಬಳಿದಿದ್ದರು. ಕಥೆಯನ್ನು ಇಲ್ಲಿಗೆ ನಿಲ್ಲಿಸಿ ಆಕಸ್ಮಿಕ ಆವಿಷ್ಕಾರ ಎಂದು ಹೊಗಳುವವರೇ ಹೆಚ್ಚು. ಆದರೆ ದಾರಿಬದಿಯ ಸಾಲಿಗೆ ಗಾಳಿ ಬೆಳಕು ಬೇರೆ, ದೂಳು ಬೇರೆ. ಮಿಲಾರ್ಡೆ ಅಲ್ಲಿ ಕಂಡದ್ದು ಒಂದು ಊಹೆಯನ್ನಷ್ಟೇ. ಅವರೂ ರಸಾಯನಶಾಸ್ತ್ರಜ್ಞ ಗೇಯೋನೂ ಸೇರಿ ಪ್ರಯೋಗಗಳನ್ನು ಮಾಡಿ ಅದನ್ನು ಜಗತ್ತಿಗೆ ಹೇಳಿದ್ದು 1885ರಲ್ಲಿ. ನಡುವಿನ ಮೂರು ವರ್ಷಗಳ ದುಡಿಮೆಯೇ ವಿಜ್ಞಾನ, ಕಳ್ಳರ ಕಥೆಯಲ್ಲ.

ನಮ್ಮ ಸೀಮೆಗೆ ಅದನ್ನು ತಂದ ಹೆಸರು ಕೋಲ್ಮನ್. ಕೆನಡಾದ ಲೆಸ್ಲಿ ಕೋಲ್ಮನ್ 1908ರಲ್ಲಿ ಮೈಸೂರು ಸಂಸ್ಥಾನದ ಕೆಲಸಕ್ಕೆ ಬಂದು, 1910ರಲ್ಲಿ ಅಡಿಕೆ ಕೊಳೆರೋಗದ ಮೇಲೆ ವರದಿ ಪ್ರಕಟಿಸಿದರು. ಕಾರಣ ಫೈಟಾಫ್ತೊರಾ ಕುಲದ ಜೀವಿ ಎಂದು ತೋರಿಸಿದರು. ಅಲ್ಲಿಯವರೆಗೆ ಮಲೆನಾಡಿನವರು ಮಳೆ ಹಿಡಿಯುವ ಮುಂಚೆ ಪ್ರತಿ ಕೊನೆಗೂ ಕೊಟ್ಟೆ ಎಂಬ ಹೊದಿಕೆ ಕಟ್ಟುತ್ತಿದ್ದರು. ಕೊಟ್ಟೆ ಕಟ್ಟಿದವರಿಗೆ ಫೈಟಾಫ್ತೊರಾ ಗೊತ್ತಿರಲಿಲ್ಲ. ಮಳೆನೀರು ಕಾಯಿಗೆ ತಾಗದಿದ್ದರೆ ಕೊಳೆ ಬಾರದು ಎಂಬುದು ಗೊತ್ತಿತ್ತು, ಅದು ಸರಿಯಾಗಿಯೂ ಇತ್ತು. ಆ ಜೀವಿಯ ಬೀಜಕಗಳು ನೀರಿನಲ್ಲಿ ಈಜುತ್ತವೆ, ಮಳೆಹನಿಯ ಸಿಡಿತದಲ್ಲಿ ಕೊನೆಯಿಂದ ಕೊನೆಗೆ ಹಾರುತ್ತವೆ. ನಮ್ಮ ಕಾಲದ ಪುಸ್ತಕಗಳು ಅದನ್ನು ಶಿಲೀಂಧ್ರ ಎಂದವು. ಈಗ ಅದು ಶಿಲೀಂಧ್ರವಲ್ಲ, ಕಂದುಪಾಚಿಗಳ ದೂರದ ನೆಂಟ ಎನ್ನುತ್ತಾರೆ. ಜಾತಿಯ ಹೆಸರೂ ಬದಲಾಯಿತು. ಬೋರ್ಡೋ ಬದಲಾಗಲಿಲ್ಲ.

ಎಣಿಸುವುದು ನನ್ನ ಪಾಲಿಗೆ ಬಂತು. ಮರದ ಬುಡದಲ್ಲಿ ಉದುರಿದ ಕಾಯಿಗಳನ್ನು ಆರಿಸಿ, ಕೊಳೆತು ಉದುರಿದ್ದು, ಹಾಗೇ ಉದುರಿದ್ದು ಎಂದು ಬೇರೆ ಮಾಡಿ ಪುಸ್ತಕದಲ್ಲಿ ಬರೆಯುವುದು. ಕೊಳೆತ ಕಾಯಿಯ ತೊಟ್ಟಿನ ಹತ್ತಿರ ನೀರು ಕುಡಿದಂಥ ಕಡುಹಸಿರು ಕಲೆ ಇರುತ್ತದೆ, ಎರಡು ದಿನ ಬಿಟ್ಟರೆ ಬಿಳಿ ಬೂಸು ಮೇಲೆ ಬರುತ್ತದೆ. ಸ್ಪಷ್ಟವಾಗಿದ್ದ ಕಾಯಿಗಳಲ್ಲಿ ತೊಂದರೆಯಿಲ್ಲ. ತೊಂದರೆ ಇದ್ದದ್ದು ಅರೆಬರೆ ಕಾಯಿಗಳಲ್ಲಿ. ಕಲೆ ಇದೆ, ಕೊಳೆಯೋ ಕೀಟವೋ ತಿಳಿಯದು. ತಲೆ ಎತ್ತಿದರೆ ಮರದ ಕೊರಳಿನಲ್ಲಿ ನೀಲಿ ಕಲೆ ಕಾಣುತ್ತದೆ, ಇದು ಔಷಧಿಯ ಮರ ಎಂದು ಗೊತ್ತಾಗುತ್ತದೆ. ಗೊತ್ತಾದ ಮೇಲೆ ಆ ಕಾಯಿ ಕೀಟದ ಕಡೆಯ ಬುಟ್ಟಿಗೆ ಬೀಳುತ್ತದೆ. ನೀರಿನ ಮರದ ಕೆಳಗೆ ಅದೇ ಕಾಯಿ ಸಿಕ್ಕರೆ ಕೊಳೆಯ ಬುಟ್ಟಿಗೆ. ಯಾರೂ ಮೋಸ ಮಾಡಬೇಕೆಂದು ಮಾಡುವುದಲ್ಲ, ಕೈ ತಾನೇ ಹೋಗುತ್ತದೆ. ಅಧಿಕಾರಿ ಇದನ್ನು ಊಹಿಸಿಯೇ ಬಂದಿದ್ದರು. ಆರಿಸುವವನು ಒಬ್ಬ, ಬೇರೆ ಮಾಡುವವನು ಇನ್ನೊಬ್ಬ ಎಂದು ಕೆಲಸ ಹಂಚಿದರು. ಕಾಯಿಗಳು ನಂಬರು ಬರೆದ ಚೀಲದಲ್ಲಿ ಜಗಲಿಗೆ ಬರುತ್ತಿದ್ದವು, ಯಾವ ನಂಬರು ಯಾವ ಔಷಧಿ ಎಂಬ ಪಟ್ಟಿ ಅವರ ಜೇಬಿನಲ್ಲಿ. ಯಾವ ತಿಂಗಳಿನಿಂದ ಯಾವ ತಿಂಗಳವರೆಗೆ ಎಣಿಸುವುದು, ಪುಡಿಯ ಮರದಲ್ಲಿ ಎಷ್ಟು ಉದುರಿದರೆ ಅದು ಸೋತಂತೆ, ಇವನ್ನೂ ಔಷಧಿ ಹೊಡೆಯುವ ಮುಂಚೆಯೇ ಬರೆದಿಟ್ಟಿದ್ದರು.

ಆ ವರ್ಷ ಮಳೆ ಜೋರಿತ್ತು. ನೀರಿನ ಮರ, ಸುಣ್ಣದ ಮರ ಎರಡೂ ಒಂದೇ ರೀತಿ ಹೋದವು. ಬೋರ್ಡೋ ನಿಂತಿತು. ಪುಡಿ ನಡುವೆ ಎಲ್ಲೋ ಇತ್ತು. ಒಂದೇ ತೋಟದ ಒಂದೇ ವರ್ಷದ ಮಾತು, ಬೇರೆ ತೋಟಗಳಲ್ಲೂ ನಡೆದಿತ್ತು, ಅವೆಲ್ಲ ಸೇರಿಸಿ ಅವರು ಏನು ಬರೆದರೋ ಅದು ಅವರದು. ನಮ್ಮ ಮನೆಯಲ್ಲಿ ಉಳಿದದ್ದು ಅಪ್ಪನ ಲೆಕ್ಕ. ನೀರು ಮತ್ತು ಸುಣ್ಣದ ಮರಗಳಲ್ಲಿ ಹೋದ ಅಡಿಕೆಗೆ ದರ ಕಟ್ಟಿ, ಉಚಿತ ಔಷಧಿಯ ಬೆಲೆ ಕಳೆದು, ನಷ್ಟ ಎಂದು ಬರೆದು, ಗೆರೆ ಎಳೆದರು. ಪರಿಹಾರ ಬರಲಿಲ್ಲ. ಅಪ್ಪ ಮತ್ತೆ ಯಾವ ಪ್ರಯೋಗಕ್ಕೂ ತೋಟ ಕೊಡಲಿಲ್ಲ.

ಅಪ್ಪ ಕೊಡದೆ ಇದ್ದದ್ದು ಅಜ್ಞಾನದಿಂದ ಎಂದು ನಾನು ಎಂದೂ ಹೇಳಿಲ್ಲ, ಈಗಲೂ ಹೇಳುವುದಿಲ್ಲ. ಹೋಲಿಕೆಗೆಂದು ಬಿಟ್ಟ ಮರದಿಂದ ಊರಿಗೆಲ್ಲ ಲಾಭ, ನಷ್ಟ ಮರದ ಯಜಮಾನನೊಬ್ಬನಿಗೆ. ವಿಜ್ಞಾನದ ಪಾಠದಲ್ಲಿ ಈ ಜಮಾ-ಖರ್ಚು ಎಲ್ಲೂ ಬರುವುದಿಲ್ಲ. ಮನುಷ್ಯರ ವಿಷಯದಲ್ಲಿ ಇದು ಇನ್ನೂ ಕಠಿಣ. 1948ರಲ್ಲಿ ಪ್ರಕಟವಾದ ಬ್ರಿಟನ್ನಿನ ಸ್ಟ್ರೆಪ್ಟೊಮೈಸಿನ್ ಪ್ರಯೋಗದಲ್ಲಿ 55 ಕ್ಷಯರೋಗಿಗಳಿಗೆ ಔಷಧಿ, 52 ಜನರಿಗೆ ಹಾಸಿಗೆಯ ವಿಶ್ರಾಂತಿ ಮಾತ್ರ. ಯಾರಿಗೆ ಯಾವುದು ಎಂಬುದು ಮುಚ್ಚಿದ ಲಕೋಟೆಯಲ್ಲಿ. ಎಕ್ಸ್‌ರೇ ಓದುವ ವೈದ್ಯರಿಗೆ ಇದು ಯಾವ ಗುಂಪಿನವರದೆಂದು ಹೇಳಿರಲಿಲ್ಲ. ಆರು ತಿಂಗಳಲ್ಲಿ ಮೊದಲ ಗುಂಪಿನಲ್ಲಿ 4, ಎರಡನೆಯದರಲ್ಲಿ 14 ಜನ ಸತ್ತರು. ಆಗ ಬ್ರಿಟನ್ನಿನಲ್ಲಿ ಆ ಔಷಧಿ ಎಲ್ಲರಿಗೂ ಕೊಡುವಷ್ಟು ಇರಲಿಲ್ಲ. ಹೇಗೂ ಕೆಲವರಿಗಷ್ಟೇ ಸಿಗುವುದಾದರೆ ಅದೃಷ್ಟದ ಮೇಲೆ ಹಂಚಿ ಪಾಠ ಕಲಿಯೋಣ ಎಂಬುದು ಆ ಪ್ರಯೋಗದ ಸಂಖ್ಯಾಶಾಸ್ತ್ರಜ್ಞ ಬ್ರಾಡ್‌ಫೋರ್ಡ್ ಹಿಲ್ ಅವರ ವಾದ. ದಿನಕ್ಕೆ ನಾಲ್ಕು ಸಲ ಉಪ್ಪುನೀರಿನ ಸೂಜಿ ಚುಚ್ಚಿ ಎರಡನೆಯ ಗುಂಪನ್ನು ನಂಬಿಸುವುದು ಬೇಡವೆಂದು ಬಿಟ್ಟರು. ನಮ್ಮ ಮರಗಳಿಗೆ ನೀರು ಹೊಡೆದರು, ಮನುಷ್ಯರಿಗೆ ಹೊಡೆಯಲಿಲ್ಲ. ಸರಿಯೇ. ಆದರೆ ತಾವು ಒಂದು ಪ್ರಯೋಗದಲ್ಲಿದ್ದೇವೆ ಎಂದು ಆ 52 ಜನರಿಗೆ ಹೇಳಿಯೇ ಇರಲಿಲ್ಲ, ಅದನ್ನು ಇಂದು ಯಾವ ನೈತಿಕ ಸಮಿತಿಯೂ ಒಪ್ಪುವುದಿಲ್ಲ.

ಹೆಬ್ಬಾಳದ ಕೃಷಿ ಕಾಲೇಜಿನಲ್ಲಿ ಓದುವಾಗ ಈ ಹೋಲಿಕೆಯ ಇನ್ನೊಂದು ಮುಖ ಪ್ರಯೋಗಾಲಯದಲ್ಲಿ ಕಂಡಿತು. ರಾಬರ್ಟ್ ಕಾಕ್ 1882ರಲ್ಲಿ ಕ್ಷಯದ ಬ್ಯಾಕ್ಟೀರಿಯಾ ತೋರಿಸಿದ ದಾರಿಯಲ್ಲೇ ನಾವೂ ಹೋಗಬೇಕು. ರೋಗದ ಕಾಯಿಯಿಂದ ಜೀವಿಯನ್ನು ಬೇರ್ಪಡಿಸಿ, ಶುದ್ಧವಾಗಿ ಬೆಳೆಸಿ, ಆರೋಗ್ಯವಂತ ಕಾಯಿಗೆ ಅಂಟಿಸಿ, ಅದೇ ರೋಗ ಬರಿಸಿ, ಮತ್ತೆ ಅದನ್ನೇ ಹೊರಗೆ ತೆಗೆಯಬೇಕು. ಎಳೆ ಅಡಿಕೆಯ ಸಿಪ್ಪೆಗೆ ಸೂಜಿಯಿಂದ ಚುಚ್ಚಿ, ಜೀವಿ ಬೆಳೆದ ಅಗರ್ ಚೂರು ಇಟ್ಟು, ಒದ್ದೆ ಹತ್ತಿಯೊಂದಿಗೆ ಗಾಜಿನ ಗಂಟೆಯಡಿ ಮುಚ್ಚಿಡುವುದು. ಪಕ್ಕದಲ್ಲಿ ಇನ್ನೊಂದು ಕಾಯಿ, ಅದೇ ಸೂಜಿ, ಅಷ್ಟೇ ಆಳ, ಆದರೆ ಏನೂ ಬೆಳೆಯದ ಖಾಲಿ ಅಗರ್. ಮರುದಿನ ನೋಡಿದರೆ ಎರಡೂ ಕಂದು! ಒಬ್ಬ ಗೆಳೆಯ ಆಗಲೇ ರೆಕಾರ್ಡಿನಲ್ಲಿ ರೋಗ ಬಂತು ಎಂದು ಬರೆದುಬಿಟ್ಟಿದ್ದ. ಅಡಿಕೆಯ ಸಿಪ್ಪೆ ಗಾಯವಾದರೆ ಸಾಕು, ಸುತ್ತ ಕಂದಾಗುತ್ತದೆ. ಖಾಲಿ ಅಗರ್ ಇಟ್ಟ ಕಾಯಿ ಅಲ್ಲಿಗೇ ನಿಂತಿತು. ಇನ್ನೊಂದರ ಕಲೆ ಮತ್ತೆರಡು ದಿನದಲ್ಲಿ ನೀರೂರಿ ಹರಡಿತು, ಬಿಳಿ ಬೂಸು ಬಂತು. ನಾವು ನೋಡಬೇಕಾಗಿದ್ದದ್ದು ಕಂದು ಬಣ್ಣವನ್ನಲ್ಲ, ಎರಡು ಕಾಯಿಗಳ ನಡುವಿನ ಅಂತರವನ್ನು. ಖಾಲಿ ಅಗರ್‌ನ ಕಾಯಿ ಇಲ್ಲದಿದ್ದರೆ ಯಾವ ಬೂಸನ್ನು ಅಂಟಿಸಿದ್ದರೂ ಅದೇ ಅಪರಾಧಿ ಅನ್ನಿಸಿಕೊಳ್ಳುತ್ತಿತ್ತು.

ಹೀಗೆ ಬೇರ್ಪಡಿಸಿ ಬೆಳೆಸಲಾಗದ ಜೀವಿ ಬಂದರೆ ಈ ದಾರಿ ಮುಚ್ಚಿದಂತೆ. ಶೃಂಗೇರಿ, ಕೊಪ್ಪ ಕಡೆಯ ತೋಟಗಳನ್ನು ತಿಂದ ಹಳದಿ ಎಲೆ ರೋಗದ ಕಥೆ ಅಂಥದ್ದು. ಪೋಷಕಾಂಶದ ಕೊರತೆ ಅಂದರು, ನೀರು ನಿಂತದ್ದಕ್ಕೆ ಅಂದರು. ಗೊಬ್ಬರ ಕೊಟ್ಟ ತೋಟ ಸ್ವಲ್ಪ ಚೇತರಿಸಿದಂತೆ ಕಂಡಾಗೆಲ್ಲ ಮೊದಲ ಊಹೆಗೆ ಜೀವ ಬರುತ್ತಿತ್ತು. ಚೆನ್ನಾಗಿ ಉಂಡ ರೋಗಿಯೂ ಸ್ವಲ್ಪ ಗೆಲುವಾಗುತ್ತಾನೆ, ಹಾಗಾಗಿ ಆ ಪುರಾವೆ ಎರಡು ಕಡೆಗೂ ಸಲ್ಲುತ್ತಿತ್ತು. 1967ರಲ್ಲಿ ಜಪಾನಿನಲ್ಲಿ ದೋಯಿ ಮತ್ತು ಸಂಗಡಿಗರು ಕುಳ್ಳರೋಗದ ಹಿಪ್ಪುನೇರಳೆಯ ನಾಳಗಳಲ್ಲಿ ಕೋಶಭಿತ್ತಿಯೇ ಇಲ್ಲದ ಸೂಕ್ಷ್ಮಜೀವಿಗಳನ್ನು ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ಕಂಡರು, ಅದುವರೆಗೆ ವೈರಸ್ ಎಂದೇ ನಂಬಿದ್ದ ರೋಗ ಅದು. ಇವನ್ನು ಈಗ ಫೈಟೊಪ್ಲಾಸ್ಮಾ ಅನ್ನುತ್ತೇವೆ. ಬೆಳೆಸಲಾಗದ ಜೀವಿಯ ಮೇಲೆ ಆರೋಪ ಹೊರಿಸುವುದು ಹೇಗೆ? ಆಗ ಬಳಕೆಗೆ ಬಂದ ಉಪಾಯ ನನಗೆ ಇಂದಿಗೂ ಬಹಳ ಇಷ್ಟ. ಪೆನಿಸಿಲಿನ್ ಬ್ಯಾಕ್ಟೀರಿಯಾದ ಗೋಡೆ ಕಟ್ಟುವ ಕೆಲಸವನ್ನು ಕೆಡಿಸುತ್ತದೆ, ಟೆಟ್ರಾಸೈಕ್ಲಿನ್ ಒಳಗಿನ ಪ್ರೋಟೀನು ತಯಾರಿಯನ್ನು. ಗೋಡೆಯೇ ಇಲ್ಲದ ಜೀವಿಯಾದರೆ ಪೆನಿಸಿಲಿನ್‌ಗೆ ಜಗ್ಗಬಾರದು, ಟೆಟ್ರಾಸೈಕ್ಲಿನ್‌ಗೆ ಜಗ್ಗಬೇಕು, ಕೊಡುವುದು ನಿಲ್ಲಿಸಿದರೆ ಲಕ್ಷಣ ಮರಳಬೇಕು. ಮೂರರಲ್ಲಿ ಒಂದು ತಪ್ಪಿದರೂ ಊಹೆಗೆ ಪೆಟ್ಟು. ಗೊಬ್ಬರದ ಊಹೆಗೆ ಇಂಥ ಗಂಡಾಂತರವೇ ಇರಲಿಲ್ಲ, ಅದಕ್ಕೇ ಅದು ಅಷ್ಟು ವರ್ಷ ಬದುಕಿತು. ಅಡಿಕೆಯ ಹಳದಿ ಎಲೆಯಲ್ಲೂ ಫೈಟೊಪ್ಲಾಸ್ಮಾ ಸಿಕ್ಕಿತು, ಅದನ್ನು ಹರಡುವ ಜಿಗಿಹುಳವೂ ಸಿಕ್ಕಿತು. ಕಾರಣ ಸಿಕ್ಕಿದ್ದರಿಂದ ತೋಟ ಉಳಿಯಲಿಲ್ಲ, ಅದು ಬೇರೆ ಮಾತು.

ಕೆಲಸಕ್ಕೆ ಸೇರಿದ ಮೇಲೆ ನಾನು ನೋಡಿದ ಪ್ರಯೋಗಗಳಲ್ಲಿ ನಮ್ಮ ತೋಟದ್ದರಷ್ಟು ಎಚ್ಚರ ಎಲ್ಲ ಕಡೆ ಇರಲಿಲ್ಲ. ಆ ಎಚ್ಚರಕ್ಕೂ ಸಿಗದ ಒಂದು ಸಂಗತಿ ಇತ್ತು. ಸುತ್ತಲೂ ಬೋರ್ಡೋ ಹೊಡೆದ ಮರಗಳಿದ್ದರೆ ನಡುವಿನ ನೀರಿನ ಮರಕ್ಕೆ ರೋಗದ ಬೀಜಕ ಬರುವುದೇ ಕಡಿಮೆ. ನೀರಿನ ಮರದ ಪಕ್ಕದ ಔಷಧಿಯ ಮರಕ್ಕೆ ಬೀಜಕದ ಮಳೆ. ಎರಡೂ ಸೇರಿ ಔಷಧಿ ತನ್ನ ನಿಜವಾದ ಶಕ್ತಿಗಿಂತ ದುರ್ಬಲವಾಗಿ ಕಾಣುತ್ತದೆ. ದಕ್ಷಿಣ ಆಫ್ರಿಕಾದ ವ್ಯಾನ್ ಡರ್ ಪ್ಲ್ಯಾಂಕ್ 1963ರ ತಮ್ಮ ಪುಸ್ತಕದಲ್ಲಿ ಈ ಅಡಗಿದ ದೋಷವನ್ನು ಬಿಡಿಸಿಟ್ಟರು. ತಪ್ಪಿಸಲು ಗುಂಪುಗಳ ನಡುವೆ ಕಾವಲು ಸಾಲು ಬಿಡಬೇಕು, ಗುಂಪು ದೊಡ್ಡದಾಗಬೇಕು. ಅಂದರೆ ಇನ್ನೂ ಹೆಚ್ಚು ಮರ, ಇನ್ನೂ ಹೆಚ್ಚು ನಷ್ಟ. ಅರ್ಧ ಎಕರೆಯ ರೈತ ಎಲ್ಲಿಂದ ತರಬೇಕು?

ಇನ್ನೊಂದು, ನೂರಾರು ಪ್ರಬಂಧಗಳನ್ನು ಕೆಡಿಸಿದ್ದು. ವಿದ್ಯಾರ್ಥಿ ಎರಡು ಮರದಿಂದ ಇನ್ನೂರು ಇನ್ನೂರು ಕಾಯಿ ಎಣಿಸಿ, ನಾಲ್ಕುನೂರು ಅಂಕಿ ಇದೆ ಎಂದು ಹಿಗ್ಗುತ್ತಾನೆ. ಇರುವುದು ಎರಡು ಮರ. ಔಷಧಿ ಹೊಡೆದದ್ದು ಮರಕ್ಕೆ, ಕಾಯಿಗಲ್ಲ. 1984ರಲ್ಲಿ ಹರ್ಲ್‌ಬರ್ಟ್ ಎಂಬ ಪರಿಸರ ವಿಜ್ಞಾನಿ ಪ್ರಕಟವಾದ ಪ್ರಬಂಧಗಳನ್ನೇ ಜಾಲಾಡಿ ಈ ತಪ್ಪು ಎಷ್ಟು ಹಬ್ಬಿದೆ ಎಂದು ತೋರಿಸಿದ ಮೇಲೂ ಮೌಖಿಕ ಪರೀಕ್ಷೆಗಳಲ್ಲಿ ನಾನು ಇದನ್ನೇ ಕೇಳುತ್ತಾ ಬಂದೆ. ನಾವು ಓದುವ ಕಾಲದಲ್ಲಿ ಲೆಕ್ಕ ಕೈಯಲ್ಲಿ, ತಿರುಗಿಸುವ ಯಂತ್ರದಲ್ಲಿ ನಡೆಯುತ್ತಿತ್ತು, ಒಂದು ಕೋಷ್ಟಕಕ್ಕೆ ಒಂದು ಸಂಜೆ. ಬೇಸರದಿಂದಲಾದರೂ ಒಂದೇ ಪ್ರಶ್ನೆ ಕೇಳುತ್ತಿದ್ದರು. ಈಗ ಕಂಪ್ಯೂಟರ್ ಕಣ್ಣು ಮಿಟುಕಿಸುವಷ್ಟರಲ್ಲಿ ಇಪ್ಪತ್ತು ಬಗೆಯಲ್ಲಿ ಹೋಲಿಸಿ ಕೊಡುತ್ತದೆ. ಆಕಸ್ಮಿಕಕ್ಕೆ 20ರಲ್ಲಿ 1 ಅವಕಾಶ ಎಂಬ ಗೆರೆ ಹಾಕಿಕೊಂಡು ಇಪ್ಪತ್ತು ನಿಷ್ಪ್ರಯೋಜಕ ಬಾಟಲಿಗಳನ್ನು ಪರೀಕ್ಷಿಸಿದರೆ ಒಂದಾದರೂ ಗೆದ್ದು ಬರುವ ಸಂಭವವೇ ಹೆಚ್ಚು. ಗೆದ್ದದ್ದು ಕರಪತ್ರಕ್ಕೆ ಹೋಗುತ್ತದೆ, ಉಳಿದವುಗಳ ಸುದ್ದಿ ಯಾರಿಗೂ ಸಿಗುವುದಿಲ್ಲ. ದೊಡ್ಡ ಪ್ರಯೋಗಾಲಯಗಳೂ ಇದರಿಂದ ಹೊರತಲ್ಲ. 2012ರಲ್ಲಿ ಆಮ್‌ಜೆನ್ ಕಂಪನಿಯವರು ಕ್ಯಾನ್ಸರ್ ಕುರಿತ 53 ಹೆಸರಾಂತ ಅಧ್ಯಯನಗಳನ್ನು ಮತ್ತೆ ಮಾಡಿ ನೋಡಿದಾಗ 6 ಮಾತ್ರ ದೃಢಪಟ್ಟವು ಎಂದು ವರದಿ ಮಾಡಿದರು.

ಈಗ ನಮ್ಮ ತೋಟ ತಮ್ಮನ ಮಗನ ಕೈಯಲ್ಲಿದೆ. ಮರ ಹತ್ತುವವರು ಸಿಗುವುದಿಲ್ಲ. ಕಾರ್ಬನ್ ಫೈಬರಿನ ದೋಟಿಗೆ ಪೈಪು ಕಟ್ಟಿ ಕೆಳಗಿನಿಂದಲೇ ಹೊಡೆಯುತ್ತಾರೆ, ಕೊನೆಯ ಹಿಂಭಾಗಕ್ಕೆ ದ್ರಾವಣ ಬಿತ್ತೋ ಇಲ್ಲವೋ ಕತ್ತು ನೋಯಿಸಿಕೊಂಡು ನೋಡಬೇಕು. ಕೊನೆಗೌಡನ ಕತ್ತಿಯೂ ಹೋಯಿತು, ಒಣಗಿದ ಕೊನೆಗಳು ಮರದಲ್ಲೇ ಉಳಿಯುತ್ತವೆ. ಹಾಗಾಗಿ ಹಳೆಯ ಪ್ರಯೋಗದ ಫಲಿತಾಂಶವನ್ನು ಇಂದಿನ ಸಿಂಪರಣೆಗೆ ಹಾಗೇ ಅನ್ವಯಿಸಲು ಬರುವುದಿಲ್ಲ. ಬೋರ್ಡೋ ಅದೇ, ಹೊಡೆಯುವ ರೀತಿ ಬೇರೆ. ಈಚೆಗೆ ಎಲೆಚುಕ್ಕಿ ರೋಗ ಬೇರೆ ಬಂದು, ವಾಟ್ಸಾಪಿನಲ್ಲಿ ದಿನಕ್ಕೊಂದು ಔಷಧಿ ಹರಿದಾಡುತ್ತದೆ.

ಹುಡುಗನಿಗೆ ಓದಿನ ಹುಚ್ಚಿದೆ. ಅವನೂ ಪಕ್ಕದ ಕೆಲವು ತೋಟದವರೂ ಸೇರಿ ದೋಟಿಯಲ್ಲಿ ಹೊಡೆದದ್ದು ಹತ್ತಿ ಹೊಡೆದದ್ದಕ್ಕೆ ಸಮವೇ ಎಂದು ನೋಡುತ್ತೇವೆ ಅಂದರು. ನಾನು ಕೇಳಿದ್ದು ಒಂದೇ: ಬರೀ ನೀರಿನ ಮರ ಯಾರ ತೋಟದ್ದು? ಒಂದು ಸಂಜೆಯಿಡೀ ಅದೇ ಜಗಳ. ಕೊನೆಗೆ, ನೀರಿನ ಮರದಲ್ಲಿ ಹೋದ ಅಡಿಕೆಗೆ ಎಲ್ಲರೂ ಸೇರಿ ದುಡ್ಡು ಹಾಕುವುದು, ದರ ಕೊಯ್ಲಿನ ದಿನದ ಮಾರುಕಟ್ಟೆಯದು ಎಂದು ಕಾಗದದಲ್ಲಿ ಬರೆದು ಸಹಿ ಹಾಕಿದರು. ನನ್ನ ಸೇವೆಯ ಅಷ್ಟೂ ವರ್ಷಗಳಲ್ಲಿ ಇಷ್ಟು ಚೆನ್ನಾದ ಪ್ರಯೋಗ ಯೋಜನೆ ನಾನು ನೋಡಿರಲಿಲ್ಲ.

ಹೋದ ವರ್ಷ ನಮ್ಮ ಮೂಲೆಗೆ ಮಳೆ ಕಡಿಮೆ. ಹತ್ತಿ ಹೊಡೆದದ್ದು, ದೋಟಿಯದ್ದು, ನೀರಿನದ್ದು, ಮೂರರಲ್ಲೂ ಹೇಳಿಕೊಳ್ಳುವಂಥ ವ್ಯತ್ಯಾಸ ಬರಲಿಲ್ಲ. ದೋಟಿಯೂ ಸಮ ಎಂದು ಒಬ್ಬರು ಆಗಲೇ ವಾಟ್ಸಾಪ್ ಗುಂಪಿನಲ್ಲಿ ಹಾಕಿಬಿಟ್ಟಿದ್ದರು, ನೀರೂ ಸಮ ಎಂದು ಹುಡುಗ ಕೆಳಗೆ ಬರೆದ. ರೋಗವೇ ಬಾರದ ವರ್ಷ ಏನೂ ತಿಳಿಯುವುದಿಲ್ಲ, ಮತ್ತೆ ಮಾಡಬೇಕು. ನಿಧಿಯ ದುಡ್ಡು ಹಾಗೇ ಇದೆ. ಈ ಸಲದ ಚೀಟಿ ಮೇ ಕೊನೆಯಲ್ಲಿ. ಇಬ್ಬರು ಬರುವುದಿಲ್ಲ ಅಂದಿದ್ದಾರೆ, ಒಬ್ಬರು ಹೊಸದಾಗಿ ಸೇರುತ್ತೇನೆ ಅಂದಿದ್ದಾರೆ, ಹಳ್ಳದ ಬದಿಯ ಮರಗಳಿಗೆ ಮಾತ್ರ ನೀರು ಹೊಡೆಯುವುದಾದರೆ.